ಇಲ್ಲದ ಐದು ತಿಂಗಳು

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡಿದ್ದರೆ ಅದರ ಮೇಲೊಂದು ಓರೆ ಗೆರೆ. ಕಾಯಿಲೆ ಇದ್ದದ್ದು ಖಾತ್ರಿಯಾದರೆ ಒಳಗೆಲ್ಲ ಕಪ್ಪು ತುಂಬಬೇಕು, ಖಾತ್ರಿಯಿಲ್ಲದಿದ್ದರೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ನಾನು ಕೆಲಸ ಮಾಡುವ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ರೋಗಿಗಳ ಮೂರು ತಲೆಮಾರನ್ನು ಹೀಗೆ ಒಂದು ಹಾಳೆಯ ಮೇಲೆ ಇಳಿಸುವುದು ನನ್ನ ಪಾಲಿನ ಕೆಲಸ. ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ. ಅಂಥದ್ದೊಂದು ಚೌಕ ನನ್ನನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಮೂರು ವಾರ ಬಸ್ಸಿನಲ್ಲಿ ಅಲೆಸಿತು. ತಲೆ ಪೂರಾ ಕೆಟ್ಟುಹೋಯಿತು ಅಂದರೆ ಹೆಚ್ಚಲ್ಲ.

ರೋಗಿ ಸಾಗರದ ಇಪ್ಪತ್ತು ವರ್ಷದ ಹುಡುಗಿ. ಫಾರೆಸ್ಟ್ ಗಾರ್ಡ್ ಕೆಲಸದ ದೈಹಿಕ ಪರೀಕ್ಷೆಗೆ ಅಂತ ಓಟ ಅಭ್ಯಾಸ ಮಾಡುತ್ತಿದ್ದಳು. ಎರಡು ಸಲ ಮೈದಾನದಲ್ಲೇ ದೊಪ್ಪನೆ ಬಿದ್ದಳು. ಎದ್ದ ಮೇಲೆ ಏನೂ ಆಗದವಳ ಹಾಗೆ ನೀರು ಕುಡಿದು ನಕ್ಕಳಂತೆ. ಪ್ರತಿ ಬಡಿತದ ನಂತರ ಹೃದಯ ಸುಧಾರಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಕೆಲವರಲ್ಲಿ ಆ ಹೊತ್ತು ಹುಟ್ಟಿನಿಂದಲೇ ಉದ್ದ. ಅಂಥವರು ಜೋರಾಗಿ ಓಡಿದಾಗ ಬಡಿತದ ಗತಿ ತಪ್ಪಿ, ಕೆಟ್ಟ ಗಳಿಗೆಯಾದರೆ ಅಲ್ಲಿಗೇ ನಿಂತೂ ಹೋಗಬಹುದು. ಹುಡುಗಿಯ ಇಸಿಜಿಯಲ್ಲಿ ಈ ಅಂತರ ಗಡಿಯ ಮೇಲೆ ನಿಂತಿತ್ತು, ಇದೆ ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದೆವು. 'ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ' ಅಂತ ವರದಿ ಬಂತು. ತಾಯಿಯ ರಕ್ತದಲ್ಲೂ ಅದೇ ಬದಲಾವಣೆ. ಆದರೆ ಆ ತಾಯಿ ಹುಟ್ಟಿದಾಗಿನಿಂದ ಒಮ್ಮೆಯೂ ತಲೆ ತಿರುಗಿದವರಲ್ಲ.

"ಮಷೀನು ಕೈಕೊಡ್ತು ಸಿಸ್ಟರ್," ಅಂದರು ನಮ್ಮ ದೊಡ್ಡ ಡಾಕ್ಟರಮ್ಮ. "ಹುಡುಗಿಯ ಅಜ್ಜ ಮೂವತ್ತೊಂದಕ್ಕೇ ಹಾರ್ಟಲ್ಲಿ ಹೋದ್ರು ಅಂತಾರೆ. ಹ್ಯಾಗೆ ಹೋದ್ರು, ಏನು ಮಾಡ್ತಾ ಇದ್ದಾಗ ಹೋದ್ರು, ಅದು ನನಗೆ ಬೇಕು. ಅವರೂ ಡಾಕ್ಟರ್ ಅಲ್ವಾ, ಕಾಗದ ಪತ್ರ ಇದ್ದೇ ಇರುತ್ತೆ. ನೀವು ಆ ಕಡೆಯವರು, ಹೋಗಿ ಬನ್ನಿ." ಅಲ್ಲಿಯವರೆಗೆ ಹುಡುಗಿಗೆ ಬಡಿತವನ್ನು ಹದದಲ್ಲಿಡುವ ಮಾತ್ರೆ ಬರೆದುಕೊಟ್ಟು, ಓಟ ಬಂದ್ ಮಾಡಿಸಿದರು.

ಅಜ್ಜ ಸಾಗರದಲ್ಲಿ ಪುಟ್ಟದೊಂದು ಕ್ಲಿನಿಕ್ ಇಟ್ಟುಕೊಂಡಿದ್ದವರು. ತೀರಿಕೊಂಡು ನಲವತ್ತು ವರ್ಷ ದಾಟಿದೆ. ಆಗ ಒಬ್ಬಳೇ ಮಗಳು ಇನ್ನೂ ಕೈಗೂಸು, ಅವರೇ ಈ ಹುಡುಗಿಯ ತಾಯಿ. ಸಾಗರದ ಮನೆಯಲ್ಲಿ ಅವರು ಮಂಚದ ಅಡಿಯಿಂದ ಕಬ್ಬಿಣದ ಟ್ರಂಕ್ ಎಳೆದು ನನ್ನ ಮುಂದಿಟ್ಟರು. "ಅಪ್ಪಂದು ಅಂತ ಇರೋದು ಇಷ್ಟೇ. ಅಮ್ಮ ಇದನ್ನ ಒಂದು ದಿನಾನೂ ತೆಗೆದು ನೋಡಿಲ್ಲ. ಒಂದು ಮಾತು, ತೀರ್ಥಹಳ್ಳಿಗೆ ಹೋಗಿ ಅಮ್ಮನ ಹತ್ರ ಮಾತ್ರ ಅಪ್ಪನ ವಿಷಯ ಎತ್ತಬೇಡಿ. ನಾನೇ ಎತ್ತಲ್ಲ," ಅಂದರು.

ಟ್ರಂಕಿನಲ್ಲಿ ಜಾತಕ, ಮದುವೆ ಕರೆಯೋಲೆ, ಹೆಸರಿನ ರಬ್ಬರ್ ಮೊಹರು, ಖಾಲಿ ಚೀಟಿಗಳ ಒಂದು ಪ್ಯಾಡು ಇದ್ದವು. ಅಡಿಯಲ್ಲಿ ಕ್ಲಿನಿಕ್ಕಿನ ದಾಖಲೆ ಪುಸ್ತಕ. ಡಾಕ್ಟರರ ಕೈಬರಹ ಅಂದರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಓದಿ ಓದಿಯೇ ನನಗೆ ಕನ್ನಡಕ ಬಂದದ್ದು. ಈ ಮನುಷ್ಯನದು ಮಾತ್ರ ಮುತ್ತು ಪೋಣಿಸಿದ ಅಕ್ಷರ. ಮೂರು ದಿನ ಕೂತು ಒಂದೊಂದು ಸಾಲನ್ನೂ ಓದಿದೆ. ಕೆಮ್ಮು, ಜ್ವರ, ಇಂಬಳ ಅನ್ನುವ ಕಾಡಿನ ಜಿಗಣೆ ಕಚ್ಚಿ ಕೀವಾದ ಕಾಲು. ಫೆಬ್ರವರಿಯ ಒಂದು ಪುಟದಲ್ಲಿ ರೋಗಿಯ ಹೆಸರಿನ ಜಾಗದಲ್ಲಿ 'ಸ್ವಂತ' ಅಂತ ಇತ್ತು. 'ಜೋಗದಲ್ಲಿ ಮೆಟ್ಟಿಲು ಹತ್ತಿ ಬರುವಾಗ ಕಣ್ಣು ಕತ್ತಲೆ. ಎರಡು ನಿಮಿಷ ಪ್ರಜ್ಞೆ ಇಲ್ಲ. ನಾಡಿ, ಬಿ.ಪಿ. ಸರಿ. ಬೆಳಿಗ್ಗೆ ತಿಂಡಿ ಆಗಿರಲಿಲ್ಲ.'

ತಿಂಡಿ ಆಗಿರಲಿಲ್ಲವಂತೆ! ಊರಿನ ರೋಗವನ್ನೆಲ್ಲ ಕಂಡುಹಿಡಿದವರು ತಮ್ಮದಕ್ಕೆ ಮಾತ್ರ ನಮ್ಮಮ್ಮ ಹೇಳುವಂಥ ಕಾರಣ ಬರೆದುಕೊಂಡಿದ್ದರು.

ಪುಸ್ತಕ ಏಪ್ರಿಲ್‌ನ ಒಂದು ಶುಕ್ರವಾರಕ್ಕೆ ನಿಂತಿತ್ತು. ಕೊನೆಯ ಸಾಲು ಜೋಗದ ಪವರ್ ಹೌಸಿನ ಒಬ್ಬ ಕೆಲಸಗಾರನದು. ಹೋದ ವಾರ ಅಂಗೈ ಸೀಳಿ ಹಾಕಿದ ಐದು ಹೊಲಿಗೆ ನೋಡಿದ್ದರು. 'ಸೋಮವಾರ ಬಂದು ಹೊಲಿಗೆ ಬಿಚ್ಚಿಸಿಕೊಳ್ಳಲು ಹೇಳಿದೆ.' ಆಮೇಲೆ ಖಾಲಿ ಪುಟಗಳು. ಆ ಸಾಲನ್ನು ನಾನು ಆಗ ದಿನಾಂಕಕ್ಕಾಗಿ ಮಾತ್ರ ಗುರುತು ಹಾಕಿಕೊಂಡೆ.

ಹಾಗಾದರೆ ಏಪ್ರಿಲ್‌ನಲ್ಲಿ ತೀರಿಕೊಂಡರಾ? "ಇಲ್ಲಪ್ಪ," ಅಂದರು ಮಗಳು. "ಅಪ್ಪನ ತಿಥಿ ಭಾದ್ರಪದದಲ್ಲಿ. ನಿಟ್ಟೂರಲ್ಲಿ ದೊಡ್ಡಪ್ಪ ಮಾಡ್ತಾರೆ. ವರ್ಷಕ್ಕೆ ಅದೊಂದು ದಿನ ನಾನು ಹೋಗಿ ಊಟ ಮಾಡ್ಕೊಂಡು ಬರೋದು."

ಮರುದಿನವೇ ಹೊಸನಗರ ತಾಲೂಕಿನ ನಿಟ್ಟೂರಿಗೆ ಹೋದೆ. ದೊಡ್ಡಪ್ಪ ಅಂದರೆ ಡಾಕ್ಟರರ ಅಣ್ಣ, ನಿವೃತ್ತ ಮೇಷ್ಟ್ರು. ಕೊಡಚಾದ್ರಿಗೆ ಹೋಗುವ ಜೀಪುಗಳು ನಿಲ್ಲುವ ರಸ್ತೆಯ ಬದಿಗೆ ಹೊಸ ತಾರಸಿ ಮನೆ. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಪ್ರಶ್ನೆ ಕೇಳಿದರೆ ಮಾತ್ರ ಮೇಷ್ಟ್ರಿಗೆ ಬಾಯಿ ಕಟ್ಟುತ್ತಿತ್ತು.

"ಹಾರ್ಟು. ಅಷ್ಟೇ. ಅದ್ರಲ್ಲಿ ಹೇಳೋಕೆ ಎಂತ ಉಂಟು ಮಾರಾಯ್ತಿ?" ಅಂದರು.

"ತಿಥಿ ಯಾವುದು ಅಂತಾದ್ರೂ ಹೇಳಿ ಮೇಷ್ಟ್ರೇ."

ಅವರು ಎದ್ದು ಬೀರುವಿನ ಬಾಗಿಲು ತೆರೆದರು. ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ಮನೆಯಲ್ಲಿ ತೀರಿಕೊಂಡವರ ಪಟ್ಟಿ, ಯಾರಿಗೆ ಯಾವ ದಿನ ಶ್ರಾದ್ಧ ಅಂತ. ಅಪ್ಪಯ್ಯ, ಕಾರ್ತಿಕ ಬಹುಳ ದ್ವಾದಶಿ. ಅಮ್ಮ, ಪುಷ್ಯ ಶುದ್ಧ ನವಮಿ. ಕೊನೆಯಲ್ಲಿ ತಮ್ಮ, ಭಾದ್ರಪದ ಬಹುಳ ಚತುರ್ದಶಿ. ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. ಲೆಕ್ಕ ಹಾಕಿದರೆ ಸೆಪ್ಟೆಂಬರ್ ಆಸುಪಾಸು.

ಪುಸ್ತಕ ನಿಂತದ್ದು ಏಪ್ರಿಲ್‌ನಲ್ಲಿ, ಮನುಷ್ಯ ಹೋದದ್ದು ಸೆಪ್ಟೆಂಬರಿನಲ್ಲಿ. ನಡುವಿನ ಐದು ತಿಂಗಳು ಈ ಡಾಕ್ಟರು ಎಲ್ಲಿದ್ದರು?

ಆ ಐದು ತಿಂಗಳನ್ನು ಹುಡುಕುವುದೇ ನನ್ನ ಕೆಲಸವಾಯಿತು. ಸಾಗರದ ಜನನ ಮರಣ ದಾಖಲೆಯಲ್ಲಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಹುಡುಕಿಸಿದೆ, ಹೆಸರಿಲ್ಲ. ಹೊಸನಗರದಲ್ಲಿ ಅರ್ಜಿ ಹಾಕಿ ಎರಡು ದಿನ ಕಾದೆ. ಅಲ್ಲಿಯ ಗುಮಾಸ್ತರು ಪಾಪ, ನನಗಾಗಿ ಹಳೆಯ ಪುಸ್ತಕ ಎರಡೆರಡು ಸಲ ತಿರುವಿದರು. "ಮೇಡಂ, ನಿಮ್ಮ ಡಾಕ್ಟ್ರು ಸತ್ತಿದ್ದಂತೂ ಹೌದಾ?" ಅಂತ ಕೇಳಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರಾದವನು ಕಾಯಿಲೆ ಬಿದ್ದರೆ ತಾನೇ ಒಂದು ಚೀಟಿಯನ್ನಾದರೂ ಬರೆದುಕೊಳ್ಳುವುದಿಲ್ಲವೆ? ಟ್ರಂಕನ್ನು ಮತ್ತೆ ಬುಡಮೇಲು ಮಾಡಿದೆ. ಆ ಐದು ತಿಂಗಳ ಒಂದು ಕಾಗದ, ಒಂದು ಬಸ್ ಟಿಕೆಟು, ಒಂದು ಸಾಲು ಇರಲಿಲ್ಲ.

ಕಾಗದ ಇಲ್ಲದ ಜಾಗವನ್ನು ನಾನೇ ತುಂಬಿದೆ, ಅದೇ ನನ್ನ ತಪ್ಪು. ಫೆಬ್ರವರಿಯಲ್ಲಿ ಕಣ್ಣು ಕತ್ತಲೆ, ಏಪ್ರಿಲ್‌ನಲ್ಲಿ ಕೆಲಸ ಬಂದ್, ಸೆಪ್ಟೆಂಬರಿನಲ್ಲಿ ಸಾವು. ಹಾಗಾದರೆ ಇದು ತಟ್ಟನೆ ಬಂದ ಸಾವಲ್ಲ. ಹೃದಯದ ಸ್ನಾಯು ಮೆಲ್ಲಗೆ ಸೋತು, ಐದು ತಿಂಗಳು ಹಾಸಿಗೆ ಹಿಡಿದು ಹೋದವರು. ಅದು ಬೇರೆಯದೇ ಕಾಯಿಲೆ, ಹುಡುಗಿಯ ಗಡಿಯ ಮೇಲಿನ ಇಸಿಜಿಗೂ ಇದಕ್ಕೂ ಸಂಬಂಧವಿಲ್ಲ. ಟಿಪ್ಪಣಿ ಬರೆದು ಡಾಕ್ಟರಮ್ಮನಿಗೆ ಕಳಿಸಿದೆ. "ಹಾಗಿದ್ರೆ ಕತೆ ಬೇರೆ. ಆದ್ರೆ ಮಲಗಿದ್ದಾಗ ನೋಡ್ಕೊಂಡೋರು ಯಾರು ಅಂತ ತಿಳ್ಕೊಂಡು ಬನ್ನಿ. ಅಲ್ಲೀವರೆಗೆ ಯಾರಿಗೂ ಏನೂ ಹೇಳಬೇಡಿ," ಅಂತ ಉತ್ತರ ಬಂತು.

ಆ ಉತ್ತರ ಬರುವ ಹೊತ್ತಿಗೆ ನಾನು ಹೇಳಿ ಆಗಿತ್ತು. ಟ್ರಂಕಿನ ಮುಂದೆ ಕೂತಿದ್ದಾಗ ಹುಡುಗಿ ಕಾಫಿ ತಂದುಕೊಟ್ಟು, "ಅಕ್ಕಾ, ನಂಗೆ ಅಜ್ಜನ ಕಾಯಿಲೆ ಇಲ್ಲ ಅಲ್ವಾ?" ಅಂತ ಕೇಳಿದ್ದಳು. ಅವಳ ಮುಖ ನೋಡಿ, "ಇರೋ ಹಾಗೆ ಕಾಣ್ಸಲ್ಲ ಕಣೇ," ಅಂದುಬಿಟ್ಟಿದ್ದೆ. ಹದಿನೆಂಟು ವರ್ಷ ಈ ಕೆಲಸ ಮಾಡಿದ ನನ್ನ ನಾಲಿಗೆಗೆ ಅಷ್ಟೂ ಬುದ್ಧಿ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ನಿಟ್ಟೂರಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಬಾಗಿಲ ಹತ್ತಿರ ಹಲಸಿನ ಬೀಜ ಸುಲಿಯುತ್ತಿದ್ದರು.

"ಒಂದೇ ಪ್ರಶ್ನೆ ಮೇಷ್ಟ್ರೇ. ನಿಮ್ಮ ತಮ್ಮ ಐದು ತಿಂಗಳು ಮಲಗಿದ್ದಾಗ ನೋಡ್ಕೊಂಡೋರು ಯಾರು?"

ಅವರು ಪೇಪರ್ ಕೆಳಗಿಟ್ಟರು. "ಎಂತ ಐದು ತಿಂಗಳು? ಅವ ಮಲಗಿದ್ದ ಅಂತ ಯಾರು ಹೇಳಿದ್ದು ನಿಮ್ಗೆ?"

"ನೀವೇ ಬರೆದಿದ್ದೀರಲ್ಲ, ಭಾದ್ರಪದ ಬಹುಳ ಚತುರ್ದಶಿ ಅಂತ!"

ಮೇಷ್ಟ್ರು ನನ್ನನ್ನೇ ದಿಟ್ಟಿಸಿದರು. "ನಿಮ್ಮನೇಲಿ ಪಿತೃಪಕ್ಷ ಹ್ಯಾಗೆ ಮಾಡ್ತೀರಿ ತಂಗಿ?"

"ಅಮಾವಾಸ್ಯೆ ದಿನ ಎಲ್ಲಾ ಹಿರಿಯರಿಗೂ ಒಟ್ಟಿಗೇ ಎಡೆ ಇಡ್ತೀವಿ."

"ಅದೇ ಮತ್ತೆ. ನಮ್ಮಲ್ಲಿ ಹಾಗಲ್ಲ. ಪಕ್ಷದ ಚತುರ್ದಶಿ ಅಂದ್ರೆ ಅದು ಸತ್ತ ದಿನ ಅಲ್ಲ. ನೀರಲ್ಲಿ, ಬೆಂಕೀಲಿ, ಮರದಿಂದ ಬಿದ್ದು ಹೀಗೆ ಘಾತದಲ್ಲಿ ಹೋದವ್ರು ಯಾವ ದಿನ ಹೋಗಿರ್ಲಿ, ಪಕ್ಷದಲ್ಲಿ ಅವ್ರಿಗೆ ಕೊಡೋದು ಆ ದಿನ. ತಮ್ಮ ಅಲ್ವಾ, ವರ್ಷದ ಶ್ರಾದ್ಧ ನಾನು ಮಾಡಲ್ಲ, ಇದೊಂದೇ ಮಾಡೋದು. ಅದಕ್ಕೆ ಅದನ್ನೇ ಬರ್ಕೊಂಡಿದ್ದೆ."

"ಅಂದ್ರೆ, ಅವರು..."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಬೀಜದ ಮೊರದಿಂದ ತಲೆಯೆತ್ತದೆ ತಮ್ಮ ಮನೆಮಾತಿನಲ್ಲಿ, "ಇನ್ನು ಮುಚ್ಚಿಟ್ಟು ಎಂತ ಪ್ರಯೋಜನ ಇದ್ದು?" ಅಂದರು.

"ತುಂಗೇಲಿ ಹೋದ," ಅಂದರು ಮೇಷ್ಟ್ರು. "ಏಪ್ರಿಲ್ಲಲ್ಲೇ. ಬಾಣಂತಿ ನೋಡೋಕೆ ತೀರ್ಥಳ್ಳಿಗೆ ಮಾವನ ಮನೆಗೆ ಹೋದವ ಬೆಳಿಗ್ಗೆ ಹೊಳೆಗೆ ಇಳಿದ, ಏಳಲಿಲ್ಲ. ದಡದಲ್ಲಿದ್ದದ್ದು ಹೆಂಡ್ತಿ ಒಬ್ಳೇ. ಒಂದು ದಿನಾನೂ ಮಲಗ್ಲಿಲ್ಲ ಅವ."

"ಈಜು ಬರ್ತಿರ್ಲಿಲ್ವಾ?"

"ಈಜೋದ್ರಲ್ಲಿ ಅವನ್ನ ಮೀರಿಸೋರೇ ಇರ್ಲಿಲ್ಲ. ಹೊಳೇಲಿ ನೀರೂ ಇರ್ಲಿಲ್ಲ, ಬೇಸಿಗೆ." ಅವರು ಪೇಪರನ್ನು ಮಡಚಿ ಪಕ್ಕಕ್ಕೆ ಸರಿಸಿದರು. "ಹೊರಡೋ ವಿಷಯಕ್ಕೆ ಆ ಬೆಳಿಗ್ಗೆ ಗಂಡ ಹೆಂಡ್ತಿಗೆ ಜಗಳ ಆಗಿತ್ತಂತೆ. ಅಷ್ಟು ಈಜು ಬರೋನು ಸುಮ್ಮನೆ ಮುಳುಗ್ತಾನಾ ಹೇಳಿ? ಅದಕ್ಕೇ ಊರಲ್ಲೆಲ್ಲ ಹಾರ್ಟು ಅಂತ ಹೇಳಿದ್ವಿ. ಕೂಸು ದೊಡ್ಡದಾಗಬೇಕಲ್ಲ."

ನಾನು ಹುಡುಕುತ್ತಿದ್ದ ಐದು ತಿಂಗಳು ಇರಲೇ ಇಲ್ಲ. ಅದು ಹೊಳೆದ ಗಳಿಗೆಯಲ್ಲೇ ಇನ್ನೊಂದೂ ಹೊಳೆಯಿತು. ತಟ್ಟನೆ ಆದ ಸಾವು, ಈಜುವಾಗ. ಹಾಗಾದರೆ ಆ ಹುಡುಗಿ? ಜೇಬಿನಿಂದ ಫೋನು ತೆಗೆದೆ. ಸಿಗ್ನಲ್ ಇಲ್ಲ. ಮೇಷ್ಟ್ರ ತಾರಸಿ ಹತ್ತಿದೆ, ಜೀಪಿನವರ ಹತ್ತಿರ ಹೋದೆ, ಕೊನೆಗೆ ಒಬ್ಬ ಡ್ರೈವರ್ ತಿರುವಿನವರೆಗೆ ಕರೆದುಕೊಂಡು ಹೋಗಿ, "ಇಲ್ಲಿ ಎರಡು ಕಡ್ಡಿ ಬರುತ್ತೆ, ಅಲ್ಲಾಡಬೇಡಿ," ಅಂತ ನಿಲ್ಲಿಸಿದ.

"ಅಕ್ಕಾ!" ಅಂದಳು ಹುಡುಗಿ, ಏದುಸಿರು ಬಿಡುತ್ತಾ. "ಮೈದಾನದಲ್ಲಿದ್ದೀನಿ. ನಾಲ್ಕು ದಿನ ಆಯ್ತು, ಮತ್ತೆ ಶುರು ಮಾಡಿದೀನಿ."

"ಕೂತ್ಕೋ."

"ಆಂ?"

"ಇದ್ದಲ್ಲೇ ಕೂತ್ಕೊಳ್ಳೇ! ಓಡಬೇಡ, ನಡೆಯೋದೂ ಬೇಡ. ಅಮ್ಮಂಗೆ ಫೋನ್ ಮಾಡಿ ಗಾಡಿ ತರ್ಸ್ಕೋ. ಮಾತ್ರೆ?"

"ನೀವೇ ಕಾಯಿಲೆ ಇಲ್ಲ ಅಂದ್ರಲ್ಲ, ಬಿಟ್ಟೆ." ಆಮೇಲೆ ಅವಳ ದನಿ ಬೇರೆಯಾಗಿತ್ತು. "ಏನಾಯ್ತು? ಒಂದು ಸಲ ಹಾಗಂತೀರಿ, ಒಂದು ಸಲ ಹೀಗಂತೀರಿ."

ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೂತಿದ್ದೀನಿ ಅಂತ ಅವಳು ಹೇಳುವವರೆಗೆ ಫೋನ್ ಇಡಲಿಲ್ಲ.

ಡಾಕ್ಟರಮ್ಮನಿಗೂ ಅಲ್ಲಿಂದಲೇ ಮಾಡಿ, ನನ್ನ ತಪ್ಪನ್ನೂ ಸೇರಿಸಿ ಎಲ್ಲ ಒಪ್ಪಿಸಿದೆ. ಅವರು ನನ್ನನ್ನು ಬೈಯಲು ಅರ್ಧ ನಿಮಿಷ ಮಾತ್ರ ತೆಗೆದುಕೊಂಡರು. "ಈ ಕಾಯಿಲೆಗೆ ಈಜಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ ಸಿಸ್ಟರ್. ಒಳ್ಳೆ ಈಜುಗಾರರೇ ಸದ್ದಿಲ್ಲದೆ ಮುಳುಗಿಬಿಡ್ತಾರೆ. ಆದರೆ ಮನಸ್ಸು ಮಾಡಿ ಹೋದವರೂ ಸದ್ದು ಮಾಡಲ್ಲ. ನೋಡಿದವರು ಯಾರು?"

"ಹೆಂಡತಿ."

"ಹಾಗಿದ್ರೆ ಅವರನ್ನೇ ಕೇಳಬೇಕು. ಒಂದು ಎಚ್ಚರ, ಉತ್ತರ ಹೇಳಿಕೊಟ್ಟು ಕೇಳಬೇಡಿ. ಸಮಾಧಾನ ಮಾಡೋಕೂ ಹೋಗಬೇಡಿ. ಅವರು ನೋಡಿದ್ದು ಅವರ ಬಾಯಿಂದಲೇ ಬರಬೇಕು."

ಆ ಸಂಜೆ ಸಾಗರದಲ್ಲಿ ಡಾಕ್ಟರರ ಮಗಳಿಗೆ ಹೇಳಿದೆ, ಅಪ್ಪ ಹೋದದ್ದು ಎಲ್ಲಿ ಅಂತ. ಅವರು ಬಹಳ ಹೊತ್ತು ಟ್ರಂಕಿನ ಚಿಲಕ ಹಾಕಿ ತೆಗೆದು ಮಾಡಿದರು. "ಅಮ್ಮ ನನ್ನನ್ನ ಒಂದು ದಿನ ಹೊಳೆ ಹತ್ರ ಬಿಟ್ಟಿಲ್ಲ. ಇವಳು ಈಜು ಕಲೀತೀನಿ ಅಂದಾಗ ಎರಡು ದಿನ ಊಟ ಬಿಟ್ಟಿದ್ರು," ಅಂದರು. ಅಜ್ಜಿಯ ಹತ್ತಿರ ಈ ಮಾತು ಎತ್ತುವುದೋ ಬೇಡವೋ ಅಂತ ನನಗೂ ಅವರಿಗೂ ಹೊತ್ತು ಹೋಯಿತು. ಕೇಳದಿದ್ದರೆ ಹುಡುಗಿಯ ವಿಷಯ ಮತ್ತೆ ಗಡಿಯ ಮೇಲೆ. ಕೇಳಿದರೆ ಅಜ್ಜಿಯ ಮೇಲೆ ಮತ್ತೊಮ್ಮೆ ಆ ಬೆಳಿಗ್ಗೆಯನ್ನು ಹೊರಿಸಿದ ಹಾಗೆ. ಒಳಗಿನಿಂದ ಹುಡುಗಿ ಬಂದು, "ನಾನು ಕೇಳ್ತೀನಿ. ನನ್ನ ಅಜ್ಜಿ ತಾನೆ," ಅಂದಳು. ದಾಖಲೆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೆ, ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಮೊದಲು ಮರಣ ದಾಖಲೆ ನೋಡಿಸಿದೆ. ಏಪ್ರಿಲ್ ತಿಂಗಳು ಅಂದ ಕೂಡಲೇ ಹತ್ತು ನಿಮಿಷದಲ್ಲಿ ಸಿಕ್ಕಿತು. 'ನೀರಿನಲ್ಲಿ ಮುಳುಗಿ.' ವಾರ ಲೆಕ್ಕ ಹಾಕಿದೆ, ಪುಸ್ತಕ ನಿಂತ ಶುಕ್ರವಾರದಿಂದ ಎರಡೇ ದಿನಕ್ಕೆ, ಭಾನುವಾರ.

ಅಜ್ಜಿಗೆ ಅರವತ್ತೇಳು. ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದರು. ಮೂವರು ಒಟ್ಟಿಗೆ ಬಂದದ್ದು ನೋಡಿಯೇ ಅವರಿಗೆ ಅರ್ಧ ತಿಳಿಯಿತು ಅಂತ ಕಾಣುತ್ತದೆ. ಹುಡುಗಿ ಹೋಗಿ ಅವರ ಕಾಲ ಬಳಿ ಕೂತು, "ಅಜ್ಜಿ, ಅಜ್ಜ ಹೊಳೇಲಿ ಹೋಗಿದ್ದು ನಂಗೊತ್ತು. ನೀನು ಏನು ನೋಡ್ದೆ ಹೇಳು. ನನ್ನ ಕಾಯಿಲೆಗೆ ಬೇಕಂತೆ," ಅಂದಳು.

ಅಜ್ಜಿ ಸೂಜಿಯನ್ನು ರವಿಕೆಗೆ ಚುಚ್ಚಿಟ್ಟರು. ಮಗಳ ಮುಖ ನೋಡಲಿಲ್ಲ, ನನ್ನನ್ನು ನೋಡಿ ಹೇಳಿದರು.

"ಬೆಳಿಗ್ಗೆ ಎದ್ದವ್ರೇ, ನಾಳೆ ಕ್ಲಿನಿಕ್ ತೆಗೀಬೇಕು, ಇವತ್ತೇ ಹೊರಡು ಅಂದ್ರು. ಇನ್ನೊಂದು ತಿಂಗಳು ಇರ್ತೀನಿ ಅಂದೆ. ಹಾಗಾದ್ರೆ ಇಲ್ಲೇ ಇರು ಅಂತ ಕೂಗಾಡಿ ಟವೆಲ್ ತಗೊಂಡು ಹೋದ್ರು. ನಾನು ಕೂಸನ್ನ ಎತ್ಕೊಂಡು ಹಿಂದೇನೇ ಹೋದೆ, ಮಾತಾಡ್ಸೋಣ ಅಂತ. ಆ ದಡ ಮುಟ್ಟಿ ತಿರುಗಿದ್ರು."

"ಯಾವ ಕಡೆಗೆ ಬರ್ತಿದ್ರು?" ಅಂದೆ. ಅಷ್ಟು ಕೇಳುವುದಕ್ಕೆ ನನಗೆ ಅನುಮತಿ ಇತ್ತು.

"ನಮ್ಮ ಕಡೆಗೇ. ಜೋರಾಗಿ ಕೈ ಬೀಸ್ತಾ ಇದ್ರು. ನಡು ಹೊಳೇಲಿ ಕೈ ನಿಂತ್ಹೋಯ್ತು. ಕೂಗ್ಲಿಲ್ಲ, ನೀರು ಬಡೀಲಿಲ್ಲ. ಹಾಗೇ ಒಳಗೆ ಹೋದ್ರು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನು ನಿಂತಿದ್ದು ನೋಡಿದ್ರು. ಬರ್ತಾ ಇದ್ದವ್ರು ನನ್ನ ಮುಖ ನೋಡಿ ಬೇಡ ಅಂತ ಕೈಬಿಟ್ರು. ನಾನು ಹೋಗ್ದೇ ಇದ್ದಿದ್ರೆ ಬರ್ತಿದ್ರೇನೋ."

ನಲವತ್ತು ವರ್ಷ ಈ ಹೆಂಗಸು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ರವಿಕೆ ಹೊಲಿದಿದ್ದರು. ನನ್ನ ಕಣ್ಣು ತುಂಬಿತು, ಬರೆದುಕೊಳ್ಳುತ್ತಿದ್ದ ಹಾಳೆ ಮಂಜಾಯಿತು. ಅಂಗಳಕ್ಕೆ ಬಂದು ಡಾಕ್ಟರಮ್ಮನಿಗೆ ಫೋನ್ ಮಾಡಿ ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಓದಿದೆ, ಜೋಗದ ಮೆಟ್ಟಿಲಿನ ಸಾಲನ್ನೂ ಓದಿದೆ. ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಬಹುಮಟ್ಟಿಗೆ ಅದೇ. ನೂರಕ್ಕೆ ನೂರು ಅಂತ ಯಾರೂ ಹೇಳೋಕಾಗಲ್ಲ. ಹುಡುಗಿ ಮಾತ್ರೆ ಬಿಡೋ ಹಾಗಿಲ್ಲ, ಓಟ ಮುಗೀತು ಅಂತ ಹೇಳಿ. ತಾಯಿಗೂ ಮಾತ್ರೆ ಬೇಕಾಗ್ಬಹುದು."

ಒಳಗೆ ಬಂದು ಹೇಳಿದೆ. ಹೃದಯ ಆ ಗಳಿಗೆಯಲ್ಲಿ ತಾನಾಗಿ ನಿಂತಿರಬೇಕು, ನೀವು ಊರಿಗೆಲ್ಲ ಹೇಳಿದ್ದು ಸುಳ್ಳಾಗಿರಲಿಲ್ಲ ಅಂತ. ಹುಡುಗಿ ತಲೆ ತಗ್ಗಿಸಿದಳು. ಅವಳಿಗೆ ಅದು ಕಾಡಿನ ಕೆಲಸ ತಪ್ಪಿದ ಸುದ್ದಿ. ಅವಳ ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು.

ಅಜ್ಜಿ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀರಿ," ಅಂದರು. "ಬೇಜಾರು ಮಾಡ್ಕೊಂಡೇ ಹೋದವ್ರು ಅವ್ರು. ಜಗಳ ಆದ್ಮೇಲೂ ಬದುಕಿ ಸಾಗರಕ್ಕೆ ವಾಪಸ್ ಹೋಗೋ ಮನಸ್ಸಿತ್ತು ಅಂತ ನಿಮ್ಗೆ ಹ್ಯಾಗೆ ಗೊತ್ತು?"

ಬಹುಮಟ್ಟಿಗೆ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ನುಂಗಿದೆ. ಬ್ಯಾಗಿನಿಂದ ದಾಖಲೆ ಪುಸ್ತಕ ತೆಗೆದು, ಕೊನೆಯ ಪುಟ ಬಿಡಿಸಿ ಅವರ ತೊಡೆಯ ಮೇಲಿಟ್ಟೆ. ಹೊಲಿಗೆಯ ಕನ್ನಡಕದಲ್ಲೇ ಬಗ್ಗಿ ಮೆಲ್ಲಗೆ ಓದಿದರು. ಹೋದ ವಾರ ಅಂಗೈ ಸೀಳಿದ್ದು. ಐದು ಹೊಲಿಗೆ. ಸೋಮವಾರ ಬಂದು ಹೊಲಿಗೆ ಬಿಚ್ಚಿಸಿಕೊಳ್ಳಲು ಹೇಳಿದೆ.

"ಸೋಮವಾರ," ಅಂದರು.

"ಹೌದಮ್ಮ. ಮಾರನೇ ದಿನ."

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಮಾತ್ರೆ ತಗೊಂಡ್ಯಾ?" ಅಂದರು. ಹುಡುಗಿ ಪರ್ಸಿನಿಂದ ತೆಗೆದು, ಅವರ ಕಣ್ಣೆದುರಿಗೇ ನುಂಗಿ ನೀರು ಕುಡಿದಳು.

ಅಜ್ಜಿ ಪುಸ್ತಕ ಮುಚ್ಚಲಿಲ್ಲ.

"ಪಾಪ," ಅಂದರು, ಪುಟವನ್ನೇ ನೋಡುತ್ತಾ. "ಸೋಮವಾರ ಅವ ಬಂದು ಕಾದಿರ್ತಾನೆ. ಹೊಲಿಗೆ ಯಾರು ಬಿಚ್ಚಿದ್ರೋ ಏನೋ."